ತಿಂಗಳ ಕಂತು, ವರ್ಷದ ಬೆಳೆ: ತೀರ್ಥಹಳ್ಳಿ ಕಡೆಯ ಎಂಜಿನಿಯರ್ ಒಬ್ಬನ ಫಿನ್‌ಟೆಕ್ ಪ್ರಕರಣ

2022ರ ಆಷಾಢ. ಸೊಸೈಟಿ ಬಾಗಿಲು ತೆಗೆದು ದೇವರ ಪಟಕ್ಕೆ ಊದುಬತ್ತಿ ಹಚ್ಚುವ ಹೊತ್ತಿಗೇ ಆ ತಾಯಿ ಬಂದು ಜಗಲಿ ಮೇಲೆ ಕೂತಿದ್ದರು. ಕೊಡೆಯಿಂದ ನೀರು ಇಳಿಯುತ್ತಿತ್ತು. ಪ್ಲಾಸ್ಟಿಕ್ ಕೊಟ್ಟೆಯೊಳಗೆ ಸುತ್ತಿಟ್ಟಿದ್ದ ಮೊಬೈಲ್ ಬಿಚ್ಚಿ ನನ್ನ ಕೈಗಿಟ್ಟು, "ಇದೆಂತದು ನೋಡಿ ಮಾರಾಯ್ರೆ, ಮೂರು ದಿನದಿಂದ ಬರ್ತಾನೇ ಇದೆ" ಎಂದರು.

ಇಂಗ್ಲಿಷಿನಲ್ಲಿ ಏಳು ಮೆಸೇಜು. ಸಾಲದ ಕಂತು ಖಾತೆಯಿಂದ ಕಡಿತವಾಗಲು ಬಂದಿತ್ತು, ಹಣವಿಲ್ಲದೆ ವಾಪಸ್ಸಾಯಿತು, ಅದಕ್ಕೆ ಬ್ಯಾಂಕಿನ ದಂಡ, ದಂಡದ ಮೇಲೆ ಜಿಎಸ್‌ಟಿ. ಸಾಲ ಕೊಟ್ಟವರದ್ದು ಬೇರೆ ದಂಡ. ಎರಡು ದಿನ ಬಿಟ್ಟು ಕಂತು ಮತ್ತೆ ಬಂದು ಮತ್ತೆ ವಾಪಸ್ಸಾಗಿ ಇನ್ನೊಂದು ದಂಡ. ಹಾಲಿನ ಡೇರಿಯಿಂದ ಆ ವಾರ ಅವರ ಖಾತೆಗೆ ಬಿದ್ದಿದ್ದ ದುಡ್ಡು ಪೂರ್ತಿ ಅದಕ್ಕೇ ಹೋಗಿತ್ತು. ಆ ಸಾಲ ನಮ್ಮ ಸೊಸೈಟಿಯದ್ದಲ್ಲ. ಆದರೆ ಅದನ್ನು ಕೊಡಿಸಿದ ಹುಡುಗನನ್ನು ಅವರ ಮನೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದವನು ನಾನು. ನನ್ನ ಮುಖ ನೋಡಿ ಅವರು ಬೆರಳೊತ್ತಿದ್ದು.

ತಾಲ್ಲೂಕಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತನಾಗಿ ಸೇರಿ ಕಾರ್ಯದರ್ಶಿಯಾಗಿ ನಿವೃತ್ತನಾದವನು ನಾನು. ಈ ಪ್ರಕರಣವನ್ನು ಆ ಹುಡುಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾನೆ, ಹಾಗಾಗಿ ಎಂಜಿನಿಯರ್ ಎಂದೇ ಕರೆಯುತ್ತೇನೆ. ಬೆಂಗಳೂರಿನ ಕೆಲಸ ಬಿಟ್ಟು ಮಲೆನಾಡಿಗೆ ಬಂದು ಹಣಕಾಸಿನ ಆ್ಯಪ್ ಕಟ್ಟಬೇಕೆನ್ನುವ ಹುಡುಗರು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಕಾಗದಕ್ಕೆ ಇಳಿಸಿದ್ದು ಇದು.

ಎಂಜಿನಿಯರ್‌ನ ಮನೆ ಆಗುಂಬೆ ರಸ್ತೆಯಿಂದ ಒಳಗೆ. ನಾಲ್ಕು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ. ಊರಲ್ಲೇ ಕನ್ನಡ ಶಾಲೆ, ತೀರ್ಥಹಳ್ಳಿಯಲ್ಲಿ ಪಿಯುಸಿ, ಶಿವಮೊಗ್ಗ ನವುಲೆಯ ಜೆಎನ್‌ಎನ್‌ಸಿಇಯಲ್ಲಿ ಎಂಜಿನಿಯರಿಂಗ್. ಆಮೇಲೆ ಬೆಂಗಳೂರು. ಇಷ್ಟರಲ್ಲಿ ಹೇಳಿಕೊಳ್ಳುವಂಥ ವಿಶೇಷವಿಲ್ಲ, ನಮ್ಮ ಕಡೆ ಮನೆಗೊಬ್ಬ ಹೀಗೆ ಹೋದವನಿದ್ದಾನೆ. ಗಮನಿಸಬೇಕಾದ್ದು ಅವನು ಅಲ್ಲಿ ಮಾಡಿದ ಕೆಲಸ. ಪಾವತಿ ತಂತ್ರಾಂಶ ಬರೆಯುವ ಕಂಪನಿಯೊಂದರಲ್ಲಿ ಅವನ ಪಾಲಿಗೆ ಬಂದದ್ದು ಲೆಕ್ಕ ಹೊಂದಿಸುವ ವಿಭಾಗ, ಅವರ ಭಾಷೆಯಲ್ಲಿ ರಿಕನ್ಸಿಲಿಯೇಷನ್. ದಿನವಿಡೀ ನಡೆದ ವ್ಯವಹಾರದಲ್ಲಿ ಕಳಿಸಿದ ಬ್ಯಾಂಕಿನ ಪಟ್ಟಿ, ಪಡೆದ ಬ್ಯಾಂಕಿನ ಪಟ್ಟಿ, ಎರಡರ ನಡುವೆ ವ್ಯವಹಾರ ದಾಟಿಸುವ ಗಣಕ ವ್ಯವಸ್ಥೆಯ, ಎಂದರೆ ಸ್ವಿಚ್‌ನ ಪಟ್ಟಿ, ಈ ಮೂರನ್ನೂ ರಾತ್ರಿ ಎದುರುಬದುರಿಟ್ಟು ಎಲ್ಲಿ ತಾಳೆಯಾಗುವುದಿಲ್ಲವೋ ಅದನ್ನು ಹೆಕ್ಕುವುದು. 2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು, ನವೆಂಬರ್ 8ಕ್ಕೆ ನೋಟು ರದ್ದಾಯಿತು. ಆ ಚಳಿಗಾಲದಲ್ಲಿ "ನನ್ನ ಖಾತೆಯಿಂದ ಹೋಗಿದೆ, ಅವರಿಗೆ ಬಂದಿಲ್ಲ" ಎನ್ನುವ ದೂರುಗಳನ್ನು ಬಿಡಿಸುತ್ತ ಎಷ್ಟೋ ರಾತ್ರಿ ಆಫೀಸಿನಲ್ಲೇ ಮಲಗಿದ್ದನಂತೆ. ಹಾಗೆ ಸಿಕ್ಕಿಬಿದ್ದ ಹಣ ಮರುದಿನದೊಳಗೆ ವಾಪಸ್ಸಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ ಬಂದದ್ದು 2019ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮೊದಲು ಆ ಹಣ ಎಲ್ಲಿದೆಯೆಂದು ಹುಡುಕಿ ಕೊಡುವುದು ಇಂಥವರ ಶ್ರದ್ಧೆಯ ಮೇಲೆ ನಿಂತಿತ್ತು.

ಈ ವಿದ್ಯೆ ಮುಂದೆ ಅವನನ್ನು ಕಾಪಾಡಿತು. ಆದರೆ ಊರಿಗೆ ಬಂದಾಗ ಅವನು ಅದನ್ನು ಬದಿಗಿಟ್ಟಿದ್ದ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದ. ಟವರ್ ಸಿಗುವುದು ಮನೆ ಹಿಂದಿನ ದರೆ ಹತ್ತಿದರೆ ಮಾತ್ರ, ಅಲ್ಲೊಂದು ಅಡಿಕೆ ದಬ್ಬೆಯ ಮಾಡು ಕಟ್ಟಿಕೊಂಡು ಕೆಲಸ ಮಾಡಿದ. ಸಂಜೆ ಅಪ್ಪನ ಮಂಡಿ ಚೀಟಿಗಳನ್ನು ನೋಡುತ್ತ ಕೂತಾಗ ಅವನಿಗೆ ಕಂಡದ್ದು ಇಷ್ಟು: ಅಪ್ಪನ ಅಡಿಕೆ ಶಿವಮೊಗ್ಗದ ಮಂಡಿಯಲ್ಲಿದೆ, ಒಳ್ಳೇ ಧಾರಣೆ ಬರಲೆಂದು ಮಾರಿಲ್ಲ. ಕೈಖರ್ಚಿಗೆ ಅದೇ ಮಂಡಿಯಿಂದ ಬಡ್ಡಿಗೆ ಹಣ ತೆಗೆಯುತ್ತಿದ್ದಾರೆ. ತನ್ನದೇ ಲಕ್ಷಾಂತರದ ಮಾಲು ಅಲ್ಲಿಟ್ಟು ತಾನೇ ಬಡ್ಡಿ ಕಟ್ಟುವುದೆಂದರೇನು? ಇದಕ್ಕಿಂತ ಕಡಿಮೆ ಬಡ್ಡಿಗೆ ಆ್ಯಪ್‌ನಲ್ಲಿ ಸಾಲ ಕೊಡಿಸಬಹುದಲ್ಲ? ಶಿವಮೊಗ್ಗದಲ್ಲೇ ಹುಟ್ಟಿದ ನಿತಿನ್ ಕಾಮತ್ 2010ರಲ್ಲಿ ಷೇರು ವ್ಯವಹಾರದ ಕಂಪನಿ ಜೆರೋಧಾ ಶುರು ಮಾಡಿ, ಹೊರಗಿನ ಹೂಡಿಕೆದಾರರ ಹಣವಿಲ್ಲದೆ ಅದನ್ನು ಬೆಳೆಸಿದ ಸಂಗತಿ ನಮ್ಮ ಕಡೆ ಹುಡುಗರ ಬಾಯಲ್ಲಿ ಸದಾ ಇರುತ್ತದೆ. ಇವನಿಗೂ ಅದೇ ಧೈರ್ಯ.

ಮಂಡಿ ಎಂದರೇನೆಂದು ಹೊರಗಿನವರಿಗೆ ಒಂದು ಮಾತು ಹೇಳಬೇಕು. ಅಡಿಕೆ ಸುಲಿದು, ಬೇಯಿಸಿ, ಬೇಯಿಸಿದ ಕೆಂಪು ನೀರಿನ ಚೊಗರು ಹಾಕಿ, ಒಣಗಿಸಿ ಮೂಟೆ ಕಟ್ಟಿ ಕಳಿಸಿದರೆ ಅಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡವಾಗಿ ಮಾರಾಟವಾಗುತ್ತದೆ. ಅದು ಮೇಲಿಂದ ಕಾಣುವ ಕೆಲಸ. ಒಳಗಿನ ಕೆಲಸ ಬೇರೆ. ಮಗಳ ಮದುವೆಯಿರಲಿ, ಮಣಿಪಾಲದ ಆಸ್ಪತ್ರೆಗೆ ಓಡುವುದಿರಲಿ, ರಾತ್ರಿ ಫೋನು ಮಾಡಿದರೆ ಬೆಳಿಗ್ಗೆ ದುಡ್ಡು ಸಿಗುತ್ತದೆ. ಪಹಣಿ ಕೇಳುವುದಿಲ್ಲ, ಜಾಮೀನು ಕೇಳುವುದಿಲ್ಲ. ಬಡ್ಡಿ ಹೆಚ್ಚು ಹೌದು, ಆದರೆ ಕೊಯ್ಲು ಬರುವ ತನಕ ಯಾರೂ ಬಾಗಿಲು ತಟ್ಟುವುದಿಲ್ಲ. ಎಂಜಿನಿಯರ್ ಬಡ್ಡಿ ನೋಡಿದ. ಬಾಗಿಲು ತಟ್ಟದಿರುವುದಕ್ಕೂ ಒಂದು ಬೆಲೆಯಿದೆಯೆಂಬುದು ಅವನಿಗೆ ಆಗ ಕಾಣಲಿಲ್ಲ. ನನಗೂ ಕಾಣಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಅಷ್ಟು ವರ್ಷ ಅದೇ ಲೆಕ್ಕದಲ್ಲಿ ಕೂತವನಿಗೆ ಕಾಣಬೇಕಿತ್ತು.

ಸಾಲ ಕೊಡುವ ಪರವಾನಗಿ ಅವನಿಗಿರಲಿಲ್ಲ. ದೊಡ್ಡ ಊರಿನ ಒಂದು ಬ್ಯಾಂಕೇತರ ಹಣಕಾಸು ಸಂಸ್ಥೆ ಹಣ ಹಾಕುವುದು, ಇವನು ರೈತರನ್ನು ಹುಡುಕಿ ಕಾಗದಪತ್ರ ಮಾಡಿಸುವುದು ಎಂದಾಯಿತು. ಸಾಲ ಮುಳುಗಿದರೆ ಕೊಟ್ಟ ಮೊತ್ತದ ನೂರಕ್ಕೆ 20ರವರೆಗೆ ಮೊದಲ ನಷ್ಟ ಇವನದ್ದು. ಅದಕ್ಕೆ ಮುಂಗಡ ಠೇವಣಿಯಿಡಲು ಬೆಂಗಳೂರಿನ ಫ್ಲ್ಯಾಟ್ ಮಾರಿದ.

ಕಾಗದಪತ್ರದ ಹಂತದಲ್ಲೇ ಅರ್ಧ ಜನ ಹೊರಗುಳಿದರು. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿ, ವಾರಸುದಾರರ ಹೆಸರಿಗೆ ಪೌತಿ ಖಾತೆಯಾಗಿಲ್ಲ. ಆಧಾರ್‌ನಲ್ಲಿ ಒಂದು ಇನಿಷಿಯಲ್, ಪಹಣಿಯಲ್ಲಿ "ಬಿನ್" ಸೇರಿಸಿ ಇನ್ನೊಂದು ಹೆಸರು. ತೋಟ ನೋಡಿಕೊಳ್ಳುವುದು ಹೆಂಡತಿ, ದಾಖಲೆಯಲ್ಲಿ ಅವಳೇ ಇಲ್ಲ. ಓಟಿಪಿಯದ್ದೊಂದು ಕತೆ ಹೇಳಲೇಬೇಕು. ಒಬ್ಬ ಹಿರಿಯರ ಮನೆಯಲ್ಲಿ ನಾನೇ ಜೊತೆಗಿದ್ದೆ. ಮನೆಯೊಳಗೆ ಸಿಗ್ನಲ್ ಇಲ್ಲ. ಅರ್ಜಿ ತುಂಬಿಸಿದ್ದು ಎಂಜಿನಿಯರ್‌ನ ಕೈಯಲ್ಲಿದ್ದ ಬೇರೆ ಕಂಪನಿಯ ಸಿಮ್ಮಿನಿಂದ, ಅಂಗಳದ ಮೂಲೆಯಲ್ಲಿ ನಿಂತು. ಓಟಿಪಿ ಬರಬೇಕಾದ್ದು ಹಿರಿಯರ ಫೋನಿಗೆ, ಅದಕ್ಕೆ ಟವರ್ ಸಿಗುವುದು ಗುಡ್ಡದ ಮೇಲಿನ ಗೇರು ಮರದ ಹತ್ತಿರ. ಅವರ ಮೊಮ್ಮಗ ಫೋನು ಹಿಡಿದು ಗುಡ್ಡ ಹತ್ತಿ ನಿಂತ, ಇವನು ಕೆಳಗೆ ಬಟನ್ ಒತ್ತಿದ, ಹುಡುಗ ಅಲ್ಲಿಂದ ಆರು ಅಂಕಿ ಕೂಗಿದ. ಗಾಳಿಗೆ ಮೂರನೇ ಅಂಕಿ ಕೇಳಲಿಲ್ಲ. ಮತ್ತೆ ಕೂಗುವಷ್ಟರಲ್ಲಿ ಸಮಯ ಮೀರಿತು. ನಾಲ್ಕನೇ ಸಲಕ್ಕೆ ಆಯಿತು. ಹಿರಿಯರು ಕಾಫಿ ಕೊಟ್ಟು, "ಇಷ್ಟು ಕಷ್ಟಪಟ್ಟು ಕೊಡ್ತಾ ಇದ್ದೀಯ, ಕಟ್ತೇನೆ ಬಿಡು" ಎಂದರು. ಕಟ್ಟಿದರು ಕೂಡ, ಆದರೆ ಆ ಮಾತು ಆಮೇಲೆ.

ಮೊದಲ ಸಾಲಗಳು ಹೋದದ್ದು 2021ರ ಕೊನೆಗೆ, ಎಳ್ಳಮಾವಾಸ್ಯೆ ಜಾತ್ರೆಯ ಹೊತ್ತಿಗೆ. ಕಂತು ತಿಂಗಳಿಗೊಂದು, ಪ್ರತಿ 5ನೇ ತಾರೀಖು ಖಾತೆಯಿಂದ ತಾನಾಗಿ ಕಡಿತ. ಜನವರಿಯಿಂದ ಏಪ್ರಿಲ್ ತನಕ ಒಂದೇ ಒಂದು ಕಂತೂ ತಪ್ಪಲಿಲ್ಲ. ಸಂಸ್ಥೆಯವರು ಖುಷಿಯಾಗಿ ಮೇ ತಿಂಗಳಲ್ಲಿ ಮಿತಿ ಏರಿಸಿದರು, ಮಳೆ ಶುರುವಾಗುವ ಮುಂಚೆ ಔಷಧಿ ಹೊಡೆಸುವ ಖರ್ಚಿಗೆಂದು ಇನ್ನಷ್ಟು ಜನಕ್ಕೆ ಸಾಲ ಹೋಯಿತು.

ಈ ಪ್ರಕರಣದ ಕೀಲು ಇರುವುದು ಇಲ್ಲಿ. ಪರೀಕ್ಷೆ ನಡೆದದ್ದು ಕೊಯ್ಲಿನ ಕಾಲದಲ್ಲಿ. ಅಡಿಕೆ ಮನೆಯಲ್ಲಿ ಅಂಗಳದ ತುಂಬ ದುಡ್ಡು ಒಣಗುತ್ತಿರುವಾಗ ಯಾರು ಕಂತು ತಪ್ಪಿಸುತ್ತಾರೆ? ಜೂನ್ ಬಂದರೆ ಅದೇ ಮನೆಯಲ್ಲಿ ಬರುವ ಹಣವಿಲ್ಲ, ಹೋಗುವ ಹಣ ಮಾತ್ರ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡಿ, ಮರ ಹತ್ತುವವನನ್ನು ಕಾಡಿಬೇಡಿ ಕರೆಸಿ ಅಡಿಕೆ ಕೊನೆಗಳಿಗೆ ಹೊಡೆಸಬೇಕು. ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ. ಶಾಲೆ ಶುರು, ಗದ್ದೆ ನೆಟ್ಟಿ ಶುರು. ಲೆಕ್ಕ ಹೀಗಿತ್ತು: ವರ್ಷಕ್ಕೆ ನೂರಕ್ಕೆ 18ರ ಬಡ್ಡಿಯಲ್ಲಿ 2 ಲಕ್ಷ ಸಾಲ, ಹನ್ನೆರಡು ಕಂತು ಎಂದರೆ ತಿಂಗಳಿಗೆ 18,336 ರೂಪಾಯಿ. ಆಷಾಢದಲ್ಲಿ 18,336 ರೂಪಾಯಿ ಹುಟ್ಟಿಸುವ ಅಡಿಕೆ ಮನೆ ನಮ್ಮ ತಾಲ್ಲೂಕಿನಲ್ಲಿ ಅಪರೂಪ. ಅದೇ ಸಾಲವನ್ನು ಜೂನ್‌ನಲ್ಲಿ ಕೊಟ್ಟು ಜನವರಿಯಲ್ಲಿ ಒಂದೇ ಗಂಟಿನಲ್ಲಿ ಕೇಳಿದರೆ ಏಳು ತಿಂಗಳ ಬಡ್ಡಿ 21,000 ಸೇರಿಸಿ 2,21,000. ಅದನ್ನು ಅವರೇ ತಂದು ಮೇಜಿನ ಮೇಲಿಡುತ್ತಿದ್ದರು.

ಇದೇನು ಹೊಸ ಜ್ಞಾನವಲ್ಲ. ಕೃಷಿ ಸಾಲ ವಸೂಲಾಗದ ಸಾಲವೆಂದು ತೀರ್ಮಾನಿಸುವಾಗ ರಿಸರ್ವ್ ಬ್ಯಾಂಕ್ ಕೂಡ ಬ್ಯಾಂಕುಗಳಿಗೆ ದಿನ ಎಣಿಸಲು ಹೇಳುವುದಿಲ್ಲ, ಬೆಳೆಯ ಹಂಗಾಮು ಎಣಿಸಲು ಹೇಳುತ್ತದೆ. ಆದರೆ ಇವನ ಮೂಲಕ ಹೋದ ಸಾಲ ಸಂಸ್ಥೆಯ ಪುಸ್ತಕದಲ್ಲಿ ವೈಯಕ್ತಿಕ ಸಾಲವೆಂದು ಕೂತಿತ್ತು. ಸೊಸೈಟಿಯಲ್ಲಿ ಮಾರ್ಚ್ ತನಕ ಗೌರವಸ್ಥನಾಗಿರುವ ಮನುಷ್ಯ ಅಲ್ಲಿ ಆಗಸ್ಟ್‌ನಲ್ಲೇ ಸುಸ್ತಿದಾರನಾದ. ನಮ್ಮ ಪಕ್ಕದ ಉಡುಪಿಯಲ್ಲಿ 1928ರಲ್ಲೇ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಶುರು ಮಾಡಿದ್ದರು. ದಿನಗೂಲಿಯವನ ಹತ್ತಿರ, ನೇಕಾರನ ಹತ್ತಿರ ದಿನಾ ಎರಡು ಆಣೆ, ಅದೂ ಮನೆಬಾಗಿಲಿಗೆ ಹೋಗಿ. ದಿನ ದುಡಿಯುವವನಿಗೆ ದಿನದ ಕಂತು. ಆ ಬುದ್ಧಿಯನ್ನು ಅಡಿಕೆಗೆ ಹೊಂದಿಸಿದ್ದರೆ ವರ್ಷದ ಕಂತು ಆಗುತ್ತಿತ್ತು. ತಿಂಗಳ ಕಂತು ತಿಂಗಳ ಸಂಬಳದವರಿಗೆ ಹೊಲಿದ ಅಂಗಿ. ಹತ್ತು ವರ್ಷ ತಿಂಗಳ ಸಂಬಳದಲ್ಲಿ ಬದುಕಿದ ಹುಡುಗನಿಗೆ ಅದು ಅಂಗಿ ಎಂದೇ ಅನಿಸಿರಲಿಲ್ಲ, ಮೈಯೇ ಅನಿಸಿತ್ತು.

ಆ ವರ್ಷ ಮಳೆಯ ಜೊತೆ ಎಲೆಚುಕ್ಕಿ ರೋಗವೂ ಹಬ್ಬಿತು. ತೀರ್ಥಹಳ್ಳಿ, ಹೊಸನಗರ, ಆಚೆ ಶೃಂಗೇರಿ, ಕೊಪ್ಪ, ಎಲ್ಲಿ ನೋಡಿದರೂ ಸೋಗೆ ಸುಟ್ಟ ಹಾಗೆ. ಪಟ್ಟಣದ ನೂರು ಜನಕ್ಕೆ ಸಾಲ ಕೊಟ್ಟರೆ ಅವರಲ್ಲಿ ನಾಲ್ಕು ಜನಕ್ಕೆ ಕೆಲಸ ಹೋಗಬಹುದು. ಒಂದು ಕಣಿವೆಯ ನೂರು ತೋಟಕ್ಕೆ ಕೊಟ್ಟರೆ ರೋಗ ನೂರಕ್ಕೂ ಬರುತ್ತದೆ. ಈ ಅಪಾಯವನ್ನು ಸಂಸ್ಥೆಯ ಲೆಕ್ಕಪಟ್ಟಿಯಲ್ಲಿ ಯಾರೂ ಬರೆದಿರಲಿಲ್ಲ.

ಎಂಜಿನಿಯರ್ ಒಂದು ದಾರಿ ಹುಡುಕಿದ್ದ: ಕಂತು ನಿಲ್ಲಿಸಿ, ಕೊಯ್ಲಾದ ಮೇಲೆ ಮಂಡಿಯವರೇ ಮಾರಾಟದ ಹಣದಲ್ಲಿ ಹಿಡಿದು ಇವನ ಕಂಪನಿ ಖಾತೆಗೆ ಹಾಕುವುದು, ಅಲ್ಲಿಂದ ಸಂಸ್ಥೆಗೆ. ಮಾತುಕತೆ ನಡೆಯುತ್ತಿದ್ದಾಗಲೇ 2022ರ ಸೆಪ್ಟೆಂಬರ್ 2ರಂದು ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ಮಾರ್ಗಸೂಚಿ ಬಂತು. ಸಾಲದ ಹಣ ಹೋಗುವುದೂ ಬರುವುದೂ ಸಾಲಗಾರ ಮತ್ತು ಸಾಲ ಕೊಟ್ಟ ಸಂಸ್ಥೆಯ ಖಾತೆಗಳ ನಡುವೆ ನೇರವಾಗಿ, ಮಧ್ಯೆ ಮೂರನೆಯವರ ಖಾತೆ ಇರಕೂಡದು. ಸಂಸ್ಥೆ ಹಿಂದೆ ಸರಿಯಿತು. ಆ ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಸಾಲದ ಆ್ಯಪ್‌ಗಳು ಜನರ ಫೋನಿನೊಳಗೆ ಹೊಕ್ಕು ಮಾನ ಕಳೆದದ್ದನ್ನು ನೋಡಿದವರಿಗೆ ಅದು ಬೇಕಿತ್ತೆಂದು ಗೊತ್ತು. ಇವನ ಪಾಲಿಗೆ ಮಾತ್ರ ಕೊನೇ ಬಾಗಿಲು ಹಾಕಿತು. ದೀಪಾವಳಿಯೊಳಗೆ ಠೇವಣಿ ಪೂರ್ತಿ ಸಂಸ್ಥೆಯ ಪಾಲಾಯಿತು. ಇಂಥ ಮೊದಲ ನಷ್ಟದ ಭರವಸೆ ನೂರಕ್ಕೆ 5 ಮೀರಬಾರದೆಂಬ ನಿಯಮ ಬಂದದ್ದು 2023ರ ಜೂನ್ 8ರಂದು. ಅದು ಎರಡು ವರ್ಷ ಮುಂಚೆ ಬಂದಿದ್ದರೆ ಅವನ ಫ್ಲ್ಯಾಟಿನ ಮುಕ್ಕಾಲು ಪಾಲು ಉಳಿಯುತ್ತಿತ್ತು.

ಆ ಚಳಿಗಾಲ ಅವನು ಮನೆ ಮನೆಗೆ ಹೋಗಿ ಬೌನ್ಸ್ ದಂಡ ಎಷ್ಟೆಷ್ಟು ಕಟ್ಟಿದ್ದಾರೆಂದು ಬರೆದುಕೊಂಡು, ಕೈಯಲ್ಲಿದ್ದ ಹಣದಿಂದ ವಾಪಸ್ಸು ಕೊಟ್ಟ. ಕೆಲವರು ಬೈದರು, ಕೆಲವರು ಊಟ ಹಾಕಿದರು. ಗುಡ್ಡದಿಂದ ಓಟಿಪಿ ಕೂಗಿಸಿದ ಹಿರಿಯರು ಜನವರಿಯಲ್ಲಿ ಅಸಲು ಬಡ್ಡಿ ಎರಡನ್ನೂ ಕಟ್ಟಿ ದಂಡದ ಹಣ ಬೇಡವೆಂದರು. ಆ ತಾಯಿಯ ಮನೆಗೆ ಅವನ ಜೊತೆ ನಾನೂ ಹೋದೆ. ದುಡ್ಡು ಎಣಿಸಿ ತೆಗೆದುಕೊಂಡರು. ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ.

2023ರ ಮಾರ್ಚ್ ಪೂರ್ತಿ ಅವನು ನಮ್ಮ ಸೊಸೈಟಿಯ ಬೆಂಚಿನ ಮೇಲೆ ಕೂತಿದ್ದ. ನಾನೇ ಕರೆದಿದ್ದೆ, ಸುಮ್ಮನೆ ನೋಡು ಎಂದು. ಮಾರ್ಚ್ ಎಂಡ್ ಎಂದರೆ ಸೊಸೈಟಿಯಲ್ಲಿ ಜಾತ್ರೆ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘದ ಬೆಳೆ ಸಾಲಕ್ಕೆ ಬಡ್ಡಿಯಿಲ್ಲ, ಆಗ 3 ಲಕ್ಷದವರೆಗೆ, ಅದೇ ವರ್ಷ ಜುಲೈ ಬಜೆಟ್ಟಿನಲ್ಲಿ 5 ಲಕ್ಷಕ್ಕೆ ಏರಿತು. ಆದರೆ ಗಡುವಿನೊಳಗೆ ಪೂರ್ತಿ ಕಟ್ಟಬೇಕು, ತಪ್ಪಿದರೆ ಬಡ್ಡಿ ಬೀಳುತ್ತದೆ. ಕಟ್ಟಿದವರಿಗೆ ಹೊಸ ಸಾಲ ಮತ್ತೆ ಸಿಗುತ್ತದೆ. ಹಾಗಾಗಿ ಕಟ್ಟಿ ಎತ್ತುವ ನಡುವಿನ ವಾರ ಹತ್ತು ದಿನಕ್ಕೆ ಜನ ಕೈಗಡ ತರುತ್ತಾರೆ. ಹತ್ತೇ ದಿನಕ್ಕಾದರೂ ಬಡ್ಡಿ ತಿಂಗಳದ್ದು, ನೂರಕ್ಕೆ ಮೂರು. 3 ಲಕ್ಷಕ್ಕೆ 9,000. ಬಡ್ಡಿಯಿಲ್ಲದ ಸಾಲಕ್ಕೆ 9,000 ಬಡ್ಡಿ! ಇದನ್ನು ನಾನು ಪ್ರತಿ ವರ್ಷ ನೋಡಿದವನು, ಆದರೆ ಅವನು ನನ್ನ ಹತ್ತಿರ ಕೇಳಿದ ಪ್ರಶ್ನೆಯನ್ನು ನಾನು ಯಾರನ್ನೂ ಕೇಳಿರಲಿಲ್ಲ: "ಇವರಲ್ಲಿ ಎಷ್ಟು ಜನಕ್ಕೆ ಮಂಡಿಯಲ್ಲಿ ಸ್ವಂತ ದುಡ್ಡಿದೆ?"

ಲೆಕ್ಕ ತೆಗೆದೆವು. ಒಬ್ಬರ ಪ್ಲಾಸ್ಟಿಕ್ ಚೀಲದ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿದೆವು. ಮಂಡಿಗೆ ಮೂಟೆ ಕಳಿಸಿದ ಚೀಟಿ, ತೂಕದ ಚೀಟಿ, ಮೂರು ಕಂತಿನಲ್ಲಿ ಮಾರಿದ ಪಟ್ಟಿ, ಕಮಿಷನ್, ಹಮಾಲಿ, ಲಾರಿ ಬಾಡಿಗೆ, ಆಗಾಗ ಎತ್ತಿದ ಹಣ, ಅದಕ್ಕೆ ಬಡ್ಡಿ, ಸೊಸೈಟಿಯ ಗೊಬ್ಬರದ ಬಾಕಿ, ಬ್ಯಾಂಕ್ ಪಾಸ್‌ಬುಕ್. ಎರಡು ಸಂಜೆ ಹಿಡಿಯಿತು. ಕೊನೆಗೆ ಅವರಿಗೆ ಮಂಡಿಯಿಂದ 1 ಲಕ್ಷಕ್ಕೂ ಮೇಲೆ ಬರಬೇಕಿತ್ತು, ಅವರು ಮಾತ್ರ ತಾನೇ ಕೊಡಬೇಕು ಎಂದುಕೊಂಡಿದ್ದರು. ಮಂಡಿಯವರು ಮೋಸ ಮಾಡಿರಲಿಲ್ಲ, ಅವರ ಪುಸ್ತಕದಲ್ಲಿ ಎಲ್ಲ ಸರಿಯಿತ್ತು. ಮೂರು ಪುಸ್ತಕಗಳು ಒಂದನ್ನೊಂದು ಯಾವತ್ತೂ ನೋಡಿರಲಿಲ್ಲ, ಅಷ್ಟೇ. ಎಂಜಿನಿಯರ್ ಪೆನ್ನು ಕೆಳಗಿಟ್ಟು, "ಇದು ನನ್ನ ಹಳೇ ಕೆಲಸ" ಎಂದ.

ಅವನ ಎರಡನೇ ಕಂಪನಿ ಹುಟ್ಟಿದ್ದು ಹೀಗೆ. ಅದು ಸಾಲ ಕೊಡುವುದಿಲ್ಲ, ಹಣ ಮುಟ್ಟುವುದಿಲ್ಲ. ಮಂಡಿಯ ಗಣಕದ ಲೆಕ್ಕ, ಸೊಸೈಟಿಯ ಲೆಕ್ಕ ಎರಡನ್ನೂ ರೈತನ ಒಪ್ಪಿಗೆಯಿಂದ ತೆಗೆದುಕೊಂಡು ಹೊಂದಿಸಿ, ವಾರಕ್ಕೊಮ್ಮೆ ಕನ್ನಡದಲ್ಲಿ ಒಂದು ಮೆಸೇಜು ಕಳಿಸುತ್ತದೆ: ಮಾರದ ಅಡಿಕೆ ಇಷ್ಟು, ಎತ್ತಿದ ಹಣ ಇಷ್ಟು, ಬಡ್ಡಿ ಇಷ್ಟು, ಸೊಸೈಟಿಗೆ ಕಟ್ಟುವ ಗಡುವು ಇಂಥ ದಿನ. ರೈತನಿಗೆ ಆ್ಯಪ್ ಇಲ್ಲ, ಓಟಿಪಿ ಇಲ್ಲ. ಓದಲು ಬಾರದವರು ಮಿಸ್ಡ್ ಕಾಲ್ ಕೊಟ್ಟರೆ ವಾಪಸ್ ಕರೆ ಬಂದು ಲೆಕ್ಕ ಓದಿ ಹೇಳುತ್ತದೆ. ಮೆಸೇಜು ಟವರ್ ಸಿಕ್ಕಾಗ ಬರಲಿ, ಅವಸರವಿಲ್ಲ.

ಇದಕ್ಕೆ ಸರ್ಕಾರದ ವ್ಯವಸ್ಥೆ ಇರಲಿಲ್ಲವೇ ಎಂದು ಕೇಳುವವರಿದ್ದಾರೆ. ಬೇರೆ ಬೇರೆ ಬ್ಯಾಂಕಿನ ಲೆಕ್ಕವನ್ನು ಗ್ರಾಹಕನ ಒಪ್ಪಿಗೆಯಿಂದ ಒಂದೆಡೆ ತರುವ ಅಕೌಂಟ್ ಅಗ್ರಿಗೇಟರ್ ಪದ್ಧತಿಗೆ ರಿಸರ್ವ್ ಬ್ಯಾಂಕ್ 2016ರಲ್ಲೇ ನಿಯಮ ಮಾಡಿತ್ತು, 2021ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಬ್ಯಾಂಕುಗಳೊಂದಿಗೆ ಅದು ಶುರುವಾಯಿತು. ಆದರೆ ನಮ್ಮಂಥ ಪ್ರಾಥಮಿಕ ಸಂಘಗಳು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯಿಂದ ಹೊರಗೆ, ಮಂಡಿಯಂತೂ ಹೊರಗೇ. ಅಡಿಕೆ ಬೆಳೆಗಾರನ ನಿಜವಾದ ಹಣಕಾಸು ಇರುವುದೇ ಈ ಎರಡು ಕಡೆ. ದೇಶದ 63,000 ಸಂಘಗಳನ್ನು ಗಣಕೀಕರಿಸುವ 2,516 ಕೋಟಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ಅದು ಸಂಘದ ಪುಸ್ತಕವನ್ನು ಗಣಕಕ್ಕೆ ತರುತ್ತದೆ. ಮಂಡಿಯ ಚೀಟಿ ಮತ್ತೆ ಪ್ಲಾಸ್ಟಿಕ್ ಚೀಲದಲ್ಲೇ.

ಮಂಡಿಯವರು ಮೊದಲು ಹತ್ತಿರ ಸೇರಿಸಲಿಲ್ಲ. ಲೆಕ್ಕ ಬಯಲಾದರೆ ಗಿರಾಕಿ ಬೇರೆ ಮಂಡಿಗೆ ಹೋಗುತ್ತಾನೆಂಬ ಭಯ. ಒಬ್ಬ ಹಿರಿಯ ಮಂಡಿ ವರ್ತಕರು ಮಾತ್ರ ಒಂದು ಹಂಗಾಮು ನೋಡೋಣ ಎಂದರು. ಅವರಿಗೆ ಲಾಭ ಕಂಡದ್ದು ಜಗಳದಲ್ಲಿ: ಯುಗಾದಿಗೆ ಲೆಕ್ಕ ಮುಗಿಸುವಾಗ ಗುಮಾಸ್ತರು ವಾರಗಟ್ಟಲೆ ರೈತರ ಜೊತೆ ಕೂಗಾಡುವುದು ಆ ವರ್ಷ ನಿಂತಿತು. ಈಗ ಶುಲ್ಕ ಕೊಡುವುದು ಮಂಡಿ ಮತ್ತು ಸೊಸೈಟಿ, ವರ್ಷಕ್ಕೊಮ್ಮೆ, ಕೊಯ್ಲು ಮುಗಿದ ಮೇಲೆ. ಪಾವತಿಯಿಂದ ಹಣ ಮಾಡುವ ಯೋಚನೆ ಅವನಿಗೆ ಬರಲೇ ಇಲ್ಲ, ಯುಪಿಐಗೆ ವ್ಯಾಪಾರಿ ಶುಲ್ಕ 2020ರ ಜನವರಿಯಿಂದಲೇ ಸೊನ್ನೆ. ನಾಲ್ಕು ಜನರ ಕಚೇರಿ, ತೀರ್ಥಹಳ್ಳಿ ಬಸ್‌ಸ್ಟ್ಯಾಂಡ್ ಹತ್ತಿರ. ಅವರ ಸಂಬಳಕ್ಕಾಗುವಷ್ಟು ಹುಟ್ಟುತ್ತದೆ, ಅವನಿಗೆ ಬೆಂಗಳೂರಿನಲ್ಲಿ ಬರುತ್ತಿದ್ದುದರ ಮೂರನೇ ಒಂದು ಭಾಗವೂ ಉಳಿಯುವುದಿಲ್ಲ.

ಅವನ ಜೊತೆ ನನಗೆ ಒಂದು ವಿಷಯದಲ್ಲಿ ಈಗಲೂ ತಕರಾರಿದೆ. ಲೆಕ್ಕದ ಮೆಸೇಜು ಹೋಗುವುದು ಮಂಡಿಯ ಖಾತೆಯಲ್ಲಿ ಯಾರ ಹೆಸರಿದೆಯೋ ಅವರ ಫೋನಿಗೆ. ಹತ್ತರಲ್ಲಿ ಒಂಬತ್ತು ಗಂಡಸರು. ಸುಲಿಯುವುದರಿಂದ ಒಣಗಿಸುವ ತನಕ ದುಡಿದ ಹೆಂಗಸಿಗೆ ಆ ಅಡಿಕೆ ಎಷ್ಟಕ್ಕೆ ಹೋಯಿತೆಂದು ಗೊತ್ತಾಗುವುದಿಲ್ಲ. ಎರಡನೇ ನಂಬರ್ ಸೇರಿಸಲು ಅವಕಾಶ ಮಾಡಿದ್ದಾನೆ, ಆದರೆ ಕೇಳಿದವರಿಗೆ ಮಾತ್ರ. ಕೇಳದೆಯೇ ಕೊಡಬೇಕು ಎನ್ನುತ್ತೇನೆ ನಾನು. ಖಾತೆದಾರನ ಒಪ್ಪಿಗೆ ಬೇಕು ಎನ್ನುತ್ತಾನೆ ಅವನು. ಇನ್ನು ಚೇಣಿಗೆ, ಎಂದರೆ ಫಸಲು ಗುತ್ತಿಗೆಗೆ, ತೋಟ ಹಿಡಿಯುವವರು ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಅವರ ಸಾಲ ಬಾಯಿಮಾತಿನದ್ದು.

ಹಳೇ ಸಾಲದ ಒಂದು ಎಳೆ ಉಳಿದಿದೆ. ಆಗ ಕಂತು ತಪ್ಪಿಸಿ ಆಮೇಲೆ ಪೂರ್ತಿ ಕಟ್ಟಿದವರಲ್ಲಿ ಕೆಲವರ ಸಿಬಿಲ್ ವರದಿಯಲ್ಲಿ, ಎಂದರೆ ಯಾರು ಸಾಲ ಹೇಗೆ ಕಟ್ಟಿದ್ದಾರೆಂದು ಬ್ಯಾಂಕುಗಳು ನೋಡುವ ದಾಖಲೆಯಲ್ಲಿ, ಸಾಲ "ಕ್ಲೋಸ್ಡ್" ಎಂದಾಗದೆ "ಸೆಟಲ್ಡ್" ಎಂದು ಬಿದ್ದಿದೆ, ಎಂದರೆ ಪೂರ್ತಿ ಕಟ್ಟದೆ ರಾಜಿಯಾದವರು ಎಂದು. ಟ್ರ್ಯಾಕ್ಟರಿಗೋ ಮಗನ ಓದಿಗೋ ಬ್ಯಾಂಕಿಗೆ ಹೋದಾಗ ಅದು ಎದುರಾಗುತ್ತದೆ. ಇಂಥ ದೂರು 30 ದಿನದೊಳಗೆ ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಹೇಳಿದ ಮೇಲೆ ಅರ್ಜಿಗಳಿಗೆ ಉತ್ತರ ಬರಲು ಶುರುವಾಯಿತು. ಪ್ರತಿ ತಿಂಗಳ ಮೊದಲ ಸೋಮವಾರ ಎಂಜಿನಿಯರ್ ಮತ್ತು ನಾನು ಕೂತು ಆ ಅರ್ಜಿ ಬರೆಯುತ್ತೇವೆ, ರಸೀದಿಯ ಪ್ರತಿ ಲಗತ್ತಿಸಿ. ಹನ್ನೊಂದು ಹೆಸರಿದ್ದವು, ಒಂಬತ್ತು ಸರಿಯಾಗಿವೆ. ಉಳಿದ ಎರಡರಲ್ಲಿ ಒಂದು ಆ ತಾಯಿಯದ್ದು.